ಉಸಿರಿನ ಅಂಕಗಳು

ಅಣ್ಣನವರು ಆಸ್ಪತ್ರೆಯಿಂದ ಮನೆಗೆ ಬಂದ ದಿನ ನಾವೆಲ್ಲ ಸೇರಿ ಅವರಿಗೊಂದು ಅಪಕಾರ ಮಾಡಿದೆವು. ನಡುಮನೆಯಲ್ಲಿ ಮಂಚ ಹಾಕಿಸಿ, "ಇನ್ನು ನೀವು ಏಳಕೂಡದು" ಎಂದು ಅತ್ತಿಗೆಯವರು ಅಪ್ಪಣೆ ಕೊಟ್ಟರು, ನಾನೂ ತಲೆದೂಗಿದೆ. ಬಲ ಶ್ವಾಸಕೋಶಕ್ಕೆ ಮೂರು ಹಾಲೆಗಳು, ಎಡಕ್ಕೆ ಎರಡು. ಅಣ್ಣನವರ ಬಲಗಡೆಯ ಮೇಲಿನ ಹಾಲೆಯನ್ನು ಕ್ಯಾನ್ಸರ್ ಗೆಡ್ಡೆಯೊಡನೆ ತೆಗೆದಿದ್ದರು. ಅಷ್ಟನ್ನು ಕಳೆದುಕೊಂಡ ಜೀವಕ್ಕೆ ವಿಶ್ರಾಂತಿಯಲ್ಲದೆ ಬೇರೇನು ಬೇಕು ಎಂಬುದು ನಮ್ಮ ತರ್ಕ.

ಮೂರೇ ವಾರದಲ್ಲಿ, ಬಚ್ಚಲಮನೆಗೆ ಹೋಗಿಬರುವಷ್ಟಕ್ಕೇ ಅವರಿಗೆ ಏದುಸಿರು ಬರತೊಡಗಿತು. ತಪಾಸಣೆಗೆ ಹೋದಾಗ ಫಿಸಿಯೋಥೆರಪಿಸ್ಟ್ ಹೆಣ್ಣುಮಗಳು ಅವರ ಸೊರಗಿದ ತೊಡೆಗಳನ್ನು ಪರೀಕ್ಷಿಸಿ, "ಇವರಿಗೆ ಸಾಲದಾಗಿರುವುದು ಎದೆ ಮಾತ್ರವಲ್ಲ, ಕಾಲೂ ಕೂಡ" ಎಂದರು. ಕೆಲಸವಿಲ್ಲದ ಸ್ನಾಯು ಬಡವಾಗುತ್ತದೆ. ಬಡವಾದ ಸ್ನಾಯು ಅಲ್ಪ ಶ್ರಮಕ್ಕೇ ಹೆಚ್ಚು ಉಸಿರನ್ನು ಬೇಡುತ್ತದೆ. ಏದುಸಿರಿಗೆ ಅಂಜಿದ ರೋಗಿ ಮತ್ತಷ್ಟು ಮಲಗುತ್ತಾನೆ. ಆ ಸುಳಿಗೆ ಅವರನ್ನು ನೂಕಿದವರು ನಾವೇ.

ಮನೆಯಲ್ಲಿಯೇ ಮಾಡಬೇಕಾದ ವ್ಯಾಯಾಮಕ್ಕೆ ಬೇಕಾದ ಉಪಕರಣ ಒಂದು ಕುರ್ಚಿ, ಒಂದು ಗಡಿಯಾರ. ಕೈಯೂರದೆ ಕುರ್ಚಿಯಿಂದ ಎದ್ದು ಕೂರುವುದು, ಬಲಗೈ ಬೆರಳುಗಳನ್ನು ಗೋಡೆಯ ಮೇಲೆ ಹತ್ತಿಸುವುದು, ನಡೆಯುವುದು, ಮೂಗಿನಿಂದ ಉಸಿರೆಳೆದು, ಬಿಸಿ ಕಾಫಿ ಆರಿಸುವವರಂತೆ ತುಟಿ ಕೂಡಿಸಿ ಮೆಲ್ಲನೆ ಬಿಡುವುದು. ಎದೆ ನೋವೋ ತಲೆಸುತ್ತೋ ಬಂದರೆ ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತಿಳಿಸತಕ್ಕದ್ದು. ದಣಿವಿಗೂ ಅಳತೆಯುಂಟು. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ರೂಪಿಸಿದ ಆ ಮಾಪನದಲ್ಲಿ 0 ಎಂದರೆ ಏದುಸಿರೇ ಇಲ್ಲ, 10 ಎಂದರೆ ತಾಳಲಾರದಷ್ಟು. ನಮಗೆ ವಿಧಿಸಿದ್ದು 3ರಿಂದ 4. ಅಂಕವನ್ನು ರೋಗಿಯೇ ಹೇಳಬೇಕು. ಜೀವಮಾನವೆಲ್ಲ ಹುಡುಗರಿಗೆ ಅಂಕ ಕೊಟ್ಟ ಮೇಷ್ಟರು ಅಣ್ಣನವರು. ತಮ್ಮ ಪಾಲಿಗೆ ಬಂದಾಗ ಮಾತ್ರ, ಮುಖ ಕೆಂಪೇರಿದ್ದರೂ "ಎರಡು" ಎನ್ನುವರು!

ಧೈರ್ಯಕ್ಕೆಂದು ಅವರಿಗೊಂದು ಕತೆ ಹೇಳಿದೆ. 1933ರಲ್ಲಿ ಅಮೆರಿಕದ ಸೇಂಟ್ ಲೂಯಿಸಿನಲ್ಲಿ ಇವಾರ್ಟ್ಸ್ ಗ್ರಹಾಂ ಎಂಬ ಶಸ್ತ್ರವೈದ್ಯರು ಕ್ಯಾನ್ಸರ್ ಹಿಡಿದಿದ್ದ ಎಡ ಶ್ವಾಸಕೋಶವನ್ನು ಇಡಿಯಾಗಿ ತೆಗೆದರು. ಆ ರೋಗಿ, ತಾನೂ ವೈದ್ಯನೇ, ಒಂದೇ ಶ್ವಾಸಕೋಶದಲ್ಲಿ ಸುಮಾರು 30 ವರ್ಷ ಬಾಳಿದ. ಗ್ರಹಾಂ ಅವರೇ 1957ರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರೆಂಬ ಭಾಗವನ್ನು ನಾನು ನುಂಗಿಕೊಂಡೆ.

ಕಿಮೊಥೆರಪಿಯ ವಾರಗಳಲ್ಲಿ ಅಂಕ ಏರುತ್ತಿತ್ತು, ಹೆಜ್ಜೆ ಇಳಿಯುತ್ತಿತ್ತು. ಒಂದೆರಡು ದಿನ ಕುರ್ಚಿಯಿಂದ ಏಳುವುದೇ ಆಗಲಿಲ್ಲ. ಮೊನ್ನೆ ಬೀದಿಯ ಕೊನೆಯವರೆಗೆ ನಡೆದುಹೋಗಿ, ಒಂದು ಮೊಳ ಮಲ್ಲಿಗೆ ಹಿಡಿದು ಬಂದರು.

"ಉಸಿರೆಷ್ಟು?" ಎಂದರು ಅತ್ತಿಗೆ.

ಅಣ್ಣನವರು ಜಗಲಿಯ ಕಂಬವನ್ನು ಹಿಡಿದು ಸ್ವಲ್ಪ ಹೊತ್ತು ನಿಂತು, "ಐದು" ಎಂದರು.