ಅಕ್ವೇರಿಯಂ ಪಾಚಿಗೆ ಮೈಲುತುತ್ತ ಮದ್ದಲ್ಲ: ಮೀನು ಕಳೆದುಕೊಂಡು ಕಲಿತ ಪಾಠ

ಮಳೆಗಾಲದ ಮುಂಚೆ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಯಾವ ಅಡಿಕೆ ಬೆಳೆಗಾರರ ಮನೆಗೆ ಹೋದರೂ ಒಂದು ಮೂಲೆಯಲ್ಲಿ ಮೈಲುತುತ್ತದ ಚೀಲ, ಪಕ್ಕದಲ್ಲೇ ಸುಣ್ಣ ಕಾಣುತ್ತದೆ. ಕೊಳೆರೋಗಕ್ಕೆ ಬೋರ್ಡೋ ಹೊಡೆಯದೆ ನಮಗೆ ಮಳೆಗಾಲ ದಾಟುವುದಿಲ್ಲ. ಎರಡು ವರ್ಷದ ಹಿಂದೆ ಅದೇ ಚೀಲದಿಂದ ಒಂದು ಚಿಟಿಕೆ ನೀಲಿ ಹರಳು ತೆಗೆದು, ಪಾಚಿ ಸಾಯಲಿ ಅಂತ ಜಗಲಿಯ ಅಕ್ವೇರಿಯಂಗೆ ಹಾಕಿದೆ. ಮರುದಿನ ಬೆಳಿಗ್ಗೆ ನೋಡಿದರೆ 14 ಮೀನುಗಳಲ್ಲಿ 11 ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಪಾಚಿ ಮಾತ್ರ ಹಾಗೇ ಇತ್ತು.

"ಎಂತಾ ಆತೋ ತಮಾ?" ಅಂತ ಆಯಿ ಒಳಗಿಂದ ಕೇಳಿದಳು. ಮೀನು ತಿನ್ನದ ಮನೆ ನಮ್ಮದು, ಆದರೆ ದಿನಾ ಸಂಜೆ ಆ ಮೀನಿನ ಎದುರು ಕೂರುವವಳು ಆಯಿಯೇ. ನನಗೆ ಉತ್ತರ ಕೊಡಲು ಬಾಯಿ ಬರಲಿಲ್ಲ.

ಈಗ ಹಳ್ಳಿಯಲ್ಲೂ ಬಹಳ ಜನ ಯುವಕರು ಅಕ್ವೇರಿಯಂ ಇಟ್ಟಿದ್ದಾರೆ. ಕೆಲವರು ಗಪ್ಪಿ ಮರಿ ಮಾಡಿ ಮಾರುತ್ತಲೂ ಇದ್ದಾರೆ. ಎಲ್ಲರ ದೂರೂ ಒಂದೇ, ಎಷ್ಟು ತಿಕ್ಕಿದರೂ ಪಾಚಿ ಹೋಗುವುದಿಲ್ಲ. ನಾನು ಮಾಡಿದ ತಪ್ಪು ನೀವು ಮಾಡಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಒಂದು ಚಿಟಿಕೆ ಎಷ್ಟು ದೊಡ್ಡದು?

ಮೈಲುತುತ್ತ ಪಾಚಿ ಕೊಲ್ಲುತ್ತದೆ ಅನ್ನುವುದು ಸುಳ್ಳಲ್ಲ. ಮೀನು ಸಾಕಣೆಯ ಪುಸ್ತಕಗಳಲ್ಲೂ ಅದರ ಹೆಸರಿದೆ. ಆದರೆ ಅಲ್ಲಿ ಒಂದು ಷರತ್ತು ಇದೆ, ನಾನು ಅದನ್ನು ಆಮೇಲೆ ಓದಿದೆ. ಮೊದಲು ನೀರಿನ ಕ್ಷಾರತೆ ಅಳೆಯಬೇಕು. ಆ ಸಂಖ್ಯೆಯನ್ನು 100ರಿಂದ ಭಾಗಿಸಿದರೆ ಎಷ್ಟು ಪಿಪಿಎಂ ಮೈಲುತುತ್ತ ಹಾಕಬಹುದು ಅಂತ ಸಿಗುತ್ತದೆ. ಕ್ಷಾರತೆ 50 ಪಿಪಿಎಂಗಿಂತ ಕಡಿಮೆ ಇದ್ದರೆ ಮುಟ್ಟಲೇಬಾರದು.

ನಮ್ಮ ಮಲೆನಾಡಿನ ನೀರು ಸಾಮಾನ್ಯವಾಗಿ ಮೆದು ನೀರು. ಸೋಪು ಹಚ್ಚಿದರೆ ನೊರೆ ಬೇಗ ಬರುತ್ತದೆ, ನೀರು ಕಾಯಿಸುವ ಪಾತ್ರೆಯಲ್ಲಿ ಬಿಳಿ ಪೊರೆ ಕಟ್ಟುವುದಿಲ್ಲ. ಕುಡಿಯಲು ಒಳ್ಳೆಯದೇ. ಆದರೆ ಗಡಸು ನೀರಿನಲ್ಲಿ ತಾಮ್ರದ ವಿಷವನ್ನು ಸ್ವಲ್ಪ ಹಿಡಿದಿಡುವ ಅಂಶಗಳು ಇರುತ್ತವೆ, ಮೆದು ನೀರಿನಲ್ಲಿ ಅವು ಕಡಿಮೆ. ಹಾಗಾಗಿ ತಾಮ್ರ ನೇರ ಮೀನಿನ ಕಿವಿರಿಗೇ ಹೋಗಿ ಹೊಡೆಯುತ್ತದೆ. ಮೈಯೊಳಗಿನ ಉಪ್ಪಿನ ಸಮತೋಲ ತಪ್ಪಿ ಮೀನು ಸಾಯುತ್ತದೆ.

ಕಿಟ್ ತರಿಸಿ ಅಳೆದಾಗ ನನ್ನ ನೀರಿನ ಕ್ಷಾರತೆ 30 ಪಿಪಿಎಂ. ಟ್ಯಾಂಕಿನಲ್ಲಿದ್ದ ನೀರು ಸುಮಾರು 90 ಲೀಟರ್. ಕಾಳುಮೆಣಸು ತೂಗುವ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ಅಷ್ಟೇ ದೊಡ್ಡ ಚಿಟಿಕೆ ಇಟ್ಟು ನೋಡಿದೆ, ಅರ್ಧ ಗ್ರಾಂ. ಅಂದರೆ 5.5 ಪಿಪಿಎಂ. ಆ ಸೂತ್ರವನ್ನೇ ಹಿಡಿದರೂ ನನ್ನ ನೀರಿಗೆ 0.3 ಪಿಪಿಎಂ ದಾಟಬಾರದಿತ್ತು. ನಾನು ಹಾಕಿದ್ದು ಅದರ 18 ಪಟ್ಟು! ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಅಂತ ಬೋರ್ಡೋ ಮಾಡುವ ಕೈಗೆ ಅರ್ಧ ಗ್ರಾಂ ಲೆಕ್ಕಕ್ಕೇ ಬರುವುದಿಲ್ಲ, ನೋಡಿ.

ಇನ್ನೊಂದು ವಿಷಯ. ತಾಮ್ರ ಕರಗಿ ಮಾಯವಾಗುವುದಿಲ್ಲ. ಜಲ್ಲಿಯಲ್ಲಿ, ತಳದ ಕೆಸರಿನಲ್ಲಿ ಕೂತುಬಿಡುತ್ತದೆ. ಆಮೇಲೆ ತಂದುಬಿಟ್ಟ ಬಸವನಹುಳ ಒಂದೂ ಉಳಿಯಲಿಲ್ಲ. ಕೊನೆಗೆ ಜಲ್ಲಿಯನ್ನೆಲ್ಲ ತೆಗೆದು ಹೊಸದಾಗಿ ಶುರು ಮಾಡಬೇಕಾಯ್ತು.

ಮೊದಲು ಯಾವ ಪಾಚಿ ಅಂತ ನೋಡಿ

ಎಲ್ಲ ಕಳೆಗೂ ಒಂದೇ ಮದ್ದಲ್ಲ ಅಂತ ನಮಗೆ ಗೊತ್ತು. ಪಾಚಿಯೂ ಹಾಗೇ.

ಕಂದು ಧೂಳಿನ ಹಾಗೆ ಗಾಜಿಗೆ ಅಂಟಿದ್ದು: ಹೊಸ ಟ್ಯಾಂಕಿನಲ್ಲಿ ಮೊದಲ ಒಂದೆರಡು ತಿಂಗಳು ಬರುತ್ತದೆ. ಒರೆಸಿ ಬಿಡಿ, ಸಾಮಾನ್ಯವಾಗಿ ತಾನೇ ಹೋಗುತ್ತದೆ.

ನೀರೇ ಹಸಿರಾಗುವುದು: ಕಣ್ಣಿಗೆ ಬೀಳದಷ್ಟು ಸಣ್ಣ ಪಾಚಿ ನೀರಿನಲ್ಲಿ ತೇಲುತ್ತಿರುತ್ತದೆ. ಹೆಚ್ಚಾಗಿ ನೇರ ಬಿಸಿಲು ಬೀಳುವ ಟ್ಯಾಂಕಿನಲ್ಲಿ ಇದು ಜಾಸ್ತಿ.

ಹಸಿರು ಕೂದಲಿನಂಥದ್ದು: ಗಿಡಕ್ಕೆ ಸುತ್ತಿಕೊಳ್ಳುತ್ತದೆ. ಟೂತ್‌ಬ್ರಷ್ ತಿರುಗಿಸಿ ಸುತ್ತಿ ತೆಗೆಯಬಹುದು.

ನೀಲಿ ಹಸಿರು ಲೋಳೆ: ಹಾಳೆಯ ಹಾಗೆ ಎದ್ದು ಬರುತ್ತದೆ, ಕೆಟ್ಟ ವಾಸನೆ. ಇದು ನಿಜಕ್ಕೂ ಪಾಚಿಯಲ್ಲ, ಒಂದು ಜಾತಿಯ ಬ್ಯಾಕ್ಟೀರಿಯಾ. ಕೈಯಲ್ಲಿ ತೆಗೆದು, ನೀರು ಬದಲಿಸಿ, ಮೂರು ದಿನ ಟ್ಯಾಂಕಿಗೆ ಕಂಬಳಿ ಹೊದಿಸಿ ಪೂರ್ತಿ ಕತ್ತಲು ಮಾಡಿದರೆ ಬಹುಪಾಲು ಹೋಗುತ್ತದೆ. ಗಾಳಿ ಪಂಪ್ ಮಾತ್ರ ಓಡುತ್ತಿರಲಿ.

ಕಪ್ಪು ಗಡ್ಡದಂಥದ್ದು: ಗಿಡದ ಎಲೆಯ ಅಂಚು, ಕಟ್ಟಿಗೆ, ಫಿಲ್ಟರ್ ಬಾಯಿಯಲ್ಲಿ ಪೊದೆಪೊದೆಯಾಗಿ ಹಿಡಿಯುತ್ತದೆ. ತಿಕ್ಕಿದರೆ ಬರುವುದಿಲ್ಲ. ಮೊಂಡು ಅಂದರೆ ಇದೇ, ನನ್ನ ಟ್ಯಾಂಕಿನಲ್ಲಿದ್ದದ್ದೂ ಇದೇ. ನೋಡಲು ಕಪ್ಪಾದರೂ ಇದು ಕೆಂಪು ಪಾಚಿಯ ಕುಲಕ್ಕೆ ಸೇರಿದ್ದು. ಒಂದು ಚೂರು ಕಿತ್ತು ಸ್ಪಿರಿಟ್‌ನಲ್ಲಿ ಹಾಕಿದರೆ ಕೆಂಪಗಾಗುತ್ತದೆ.

ಅಪ್ಪಯ್ಯ ಹೇಳಿದ ಮಾತು

ಮೀನು ಸತ್ತ ಮೇಲೆ ನಾನು ಟ್ಯಾಂಕ್ ಮಾರಿಬಿಡುವ ಯೋಚನೆಯಲ್ಲಿದ್ದೆ. ಅಪ್ಪಯ್ಯನಿಗೆ ಅಕ್ವೇರಿಯಂ ಬಗ್ಗೆ ಏನೂ ಗೊತ್ತಿಲ್ಲ. ಜಗಲಿಯಲ್ಲಿ ಕೂತು ಕವಳ ಹಾಕುತ್ತ ಟ್ಯಾಂಕನ್ನೇ ನೋಡಿದರು. "ಬಿಸ್ಲು ಬಿದ್ದಲ್ಲಿ, ಗೊಬ್ರ ಬಿದ್ದಲ್ಲಿ ಕಳೆ ಬರದೇ ಇರ್ತಾ?" ಅಂದರು.

ಅಷ್ಟೇ. ತೋಟದಲ್ಲಿ ಒಂದು ಅಡಿಕೆ ಮರ ಬಿದ್ದರೆ ಆ ಜಾಗದಲ್ಲಿ ಬಿಸಿಲು ಇಳಿಯುತ್ತದೆ, ಕೆಳಗೆ ಗೊಬ್ಬರ ಇದ್ದೇ ಇದೆ, ಹದಿನೈದು ದಿನದಲ್ಲಿ ಕಳೆ ಮೊಣಕಾಲೆತ್ತರ. ನನ್ನ ಟ್ಯಾಂಕಿಗೆ ಪಶ್ಚಿಮದ ಬಿಸಿಲು ಸಂಜೆಯವರೆಗೂ ಬೀಳುತ್ತಿತ್ತು. ಮೇಲೆ ಎಲ್‌ಇಡಿ ಲೈಟ್ ದಿನಕ್ಕೆ 12 ತಾಸು ಉರಿಯುತ್ತಿತ್ತು. ಬಂದವರೆಲ್ಲ ಒಂದೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತಿದ್ದರು. ನೀರು ತುಂಬುತ್ತಿದ್ದದ್ದು ಗೊಬ್ಬರಗುಂಡಿಯ ಕೆಳಗಿನ ಬಾವಿಯಿಂದ. ಕಾಗದದ ಪಟ್ಟಿ ಅದ್ದಿ ನೋಡಿದರೆ ಬಾವಿ ನೀರಿನಲ್ಲೇ ನೈಟ್ರೇಟ್ 20 ಪಿಪಿಎಂ ತೋರಿಸಿತು. ಬೆಟ್ಟದ ಅಬ್ಬಿಯಿಂದ ಪೈಪಿನಲ್ಲಿ ಬರುವ ನೀರಿನಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಅಂದರೆ ಪಾಚಿಯನ್ನು ನಾನೇ ಗೊಬ್ಬರ ಹಾಕಿ ಬೆಳೆಸುತ್ತಿದ್ದೆ, ಮತ್ತೆ ನಾನೇ ವಿಷ ಹಾಕಿ ಕೊಲ್ಲಲು ಹೋದೆ.

ನಾನು ಮಾಡಿದ್ದು ಇಷ್ಟು

1. ಟ್ಯಾಂಕನ್ನು ಕಿಟಕಿಯಿಂದ ದೂರ, ಒಳಗಿನ ಗೋಡೆಗೆ ಸರಿಸಿದೆ. ಲೈಟಿಗೆ ಟೈಮರ್ ಹಾಕಿದೆ, ದಿನಕ್ಕೆ 6 ತಾಸು ಮಾತ್ರ. ಕೈಯಲ್ಲಿ ಹಾಕಿ ಆರಿಸಿದರೆ ಒಂದು ದಿನ 4 ತಾಸು, ಒಂದು ದಿನ 10 ತಾಸು ಆಗುತ್ತದೆ.

2. ಆಹಾರ ದಿನಕ್ಕೆ ಒಂದೇ ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ವಾರಕ್ಕೊಂದು ದಿನ ಉಪವಾಸ. ದೊಡ್ಡ ಮೀನಿಗೆ ಇದರಿಂದ ಏನೂ ಆಗುವುದಿಲ್ಲ, ಮರಿಗಳಿಗೆ ಮಾತ್ರ ಈ ನಿಯಮ ಬೇಡ.

3. ವಾರಕ್ಕೊಮ್ಮೆ ಕಾಲುಭಾಗ ನೀರು ತೆಗೆದು ಅಬ್ಬಿ ನೀರು ತುಂಬುವುದು. ತೆಗೆಯುವಾಗ ಪೈಪಿನ ಬಾಯಿಯನ್ನು ಜಲ್ಲಿಗೆ ಹಿಡಿದು ತಳದ ಕಸ ಎಳೆಯಬೇಕು. ಆ ನೀರನ್ನು ಚೆಲ್ಲಬೇಡಿ, ಕರಿಬೇವಿನ ಗಿಡಕ್ಕೆ ಹಾಕಿ. ಔಷಧಿ ಹಾಕಿದ ವಾರ ಮಾತ್ರ ಬೇಡ.

4. ಫಿಲ್ಟರಿನ ಸ್ಪಂಜನ್ನು ನಲ್ಲಿ ಕೆಳಗೆ ತಿಕ್ಕಿ ತೊಳೆಯಬೇಡಿ. ಕಸವನ್ನು ಅರಗಿಸುವ ಬ್ಯಾಕ್ಟೀರಿಯಾ ಅದರಲ್ಲೇ ಇರುವುದು. ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆ ಹೇಳಲಿಕ್ಕಾಗದು. ಬ್ಯಾಟರಿಯ ಸಣ್ಣ ಗಾಳಿ ಪಂಪ್ ಒಂದಿರಲಿ. ಆ ದಿನ ಆಹಾರ ಹಾಕಬೇಡಿ.

5. ಗೊಬ್ಬರ ತಿನ್ನುವ ಬೆಳೆ ಬೇಕು. ಬೇಗ ಬೆಳೆಯುವ ನೀರುಗಿಡ ಜಾಸ್ತಿ ನೆಟ್ಟೆ, ಮನಿಪ್ಲಾಂಟಿನ ಬೇರು ನೀರಿಗೆ ಇಳಿಬಿಟ್ಟೆ. ಅಂತರಗಂಗೆಯೂ ಒಳ್ಳೆಯದೇ, ನೆರಳೂ ಕೊಡುತ್ತದೆ. ಹೆಚ್ಚಾದದ್ದನ್ನು ಕೆರೆಗೆ ಎಸೆಯಬೇಡಿ, ಗೊಬ್ಬರಗುಂಡಿಗೆ ಹಾಕಿ. ಕೆರೆಯಲ್ಲಿ ಹಬ್ಬಿದರೆ ತೆಗೆಯುವುದು ಕಷ್ಟ.

ಕಪ್ಪು ಗಡ್ಡಕ್ಕೆ ಕೊನೆಯ ಏಟು

ಮೇಲಿನ ಐದೂ ಮಾಡಿದರೆ ಹೊಸ ಪಾಚಿ ಹುಟ್ಟುವುದು ನಿಲ್ಲುತ್ತದೆ. ಆದರೆ ಹಳೆಯ ಕಪ್ಪು ಗಡ್ಡ ತಾನಾಗಿ ಉದುರುವುದಿಲ್ಲ. ಪಾಚಿ ಹಿಡಿದ ಎಲೆಗಳನ್ನು ಕತ್ತರಿಸಿ ತೆಗೆಯಿರಿ. ಕಲ್ಲು, ಕಟ್ಟಿಗೆಗೆ ಮೆಡಿಕಲ್ ಶಾಪಿನಲ್ಲಿ ಸಿಗುವ ಹೈಡ್ರೋಜನ್ ಪೆರಾಕ್ಸೈಡ್ ಸಾಕು. ಗಾಯ ತೊಳೆಯುವ ಔಷಧಿಯೇ ಅದು. ಪಾಚಿಯನ್ನು ಸುಟ್ಟು, ಕೊನೆಗೆ ನೀರು ಮತ್ತು ಆಮ್ಲಜನಕವಾಗಿ ಒಡೆದುಹೋಗುತ್ತದೆ. ತಾಮ್ರದ ಹಾಗೆ ತಳದಲ್ಲಿ ಕೂರುವುದಿಲ್ಲ.

ಬಾಟಲಿಯ ಮೇಲೆ ಶೇಕಡಾ ಎಷ್ಟು ಅಂತ ಓದಿ. ನಮಗೆ ಬೇಕಾದದ್ದು 3%. ಅಂಗಡಿಯಲ್ಲಿ ಸಾಮಾನ್ಯವಾಗಿ 6% ಸಿಗುತ್ತದೆ, ಅದಕ್ಕೆ ಅಷ್ಟೇ ನೀರು ಬೆರೆಸಿ. ಕೈಗಾರಿಕೆಯ 50% ದ್ರಾವಣ ಮನೆಗೆ ತರಲೇಬೇಡಿ, ಚರ್ಮ ಸುಡುತ್ತದೆ. ಒಂದು ದಿನಕ್ಕೆ 4 ಲೀಟರ್ ನೀರಿಗೆ 1 ಮಿ.ಲೀ. ದಾಟಬಾರದು. ನನ್ನ 90 ಲೀಟರಿಗೆ 20 ಮಿ.ಲೀ. ಸಾಕಾಯ್ತು.

ಫಿಲ್ಟರ್ ನಿಲ್ಲಿಸಿ, ಸೂಜಿಯಿಲ್ಲದ ಸಿರಿಂಜಿನಿಂದ ಪಾಚಿಯ ಮೇಲೇ ನಿಧಾನಕ್ಕೆ ಬಿಡಿ. ಸಣ್ಣ ಗುಳ್ಳೆ ಏಳುತ್ತದೆ. ಹತ್ತು ನಿಮಿಷ ಬಿಟ್ಟು ಫಿಲ್ಟರ್ ಚಾಲೂ ಮಾಡಿ. ಮೀನು ಏದುಸಿರು ಬಿಟ್ಟರೆ ತಕ್ಷಣ ಅರ್ಧ ನೀರು ಬದಲಿಸಿ. ಕೆಲವು ದಿನದಲ್ಲಿ ಕಪ್ಪು ಗಡ್ಡ ಗುಲಾಬಿ ಬಣ್ಣಕ್ಕೆ, ಆಮೇಲೆ ಬಿಳಿಗೆ ತಿರುಗುತ್ತದೆ. ಬಿಳಿಯಾದರೆ ಸತ್ತಿತು ಅಂತ ಲೆಕ್ಕ. ಸಿಗಡಿ, ಪಾಚಿಗಿಡ ಇದ್ದ ಟ್ಯಾಂಕಿನಲ್ಲಿ ಇದು ಬೇಡ. ಅಂಥಲ್ಲಿ ಕಲ್ಲು, ಕಟ್ಟಿಗೆಯನ್ನು ಹೊರಗೆ ತೆಗೆದು ಹಚ್ಚಿ, ತೊಳೆದು ಒಳಗಿಡಿ. ನನ್ನ ಟ್ಯಾಂಕ್ ಸರಿಯಾಗಲು ಆರು ವಾರ ಹಿಡಿಯಿತು.

"ಟ್ಯಾಂಕ್ ಕ್ಲೀನರ್" ಮೀನು ಬೇಡವೇ?

ಅಂಗಡಿಯಲ್ಲಿ ಸಕ್ಕರ್ ಮೀನನ್ನು "ಪಾಚಿ ತಿನ್ನುತ್ತದೆ" ಅಂತ ಕೊಡುತ್ತಾರೆ. ತರುವಾಗ ಬೆರಳುದ್ದ, ಬೆಳೆದರೆ ಒಂದಡಿ ದಾಟುತ್ತದೆ. ಕಪ್ಪು ಗಡ್ಡವನ್ನು ಮುಟ್ಟುವುದಿಲ್ಲ, ಬದಲಿಗೆ ಹೊಲಸು ಜಾಸ್ತಿ ಮಾಡಿ ಪಾಚಿಗೇ ಗೊಬ್ಬರ ಕೊಡುತ್ತದೆ. ದೊಡ್ಡದಾದ ಮೇಲೆ ಜನ "ಪಾಪ, ಬದುಕಿಕೊಳ್ಳಲಿ" ಅಂತ ಹಳ್ಳಕ್ಕೆ ಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ದಕ್ಷಿಣ ಅಮೆರಿಕದ ಮೀನು ಅದು. ನಮ್ಮ ದೇಶದ ಎಷ್ಟೋ ಕೆರೆ, ಹೊಳೆಗಳಲ್ಲಿ ಈಗಾಗಲೇ ಹಬ್ಬಿ ಊರಿನ ಮೀನಿಗೆ ಜಾಗವಿಲ್ಲದಂತೆ ಮಾಡಿದೆ. ನಮ್ಮ ಹಳ್ಳಗಳೆಲ್ಲ ಹೋಗಿ ಸೇರುವುದು ಅಘನಾಶಿನಿಗೆ, ಶಾಲ್ಮಲೆ ಬೇಡ್ತಿಗೆ, ಶರಾವತಿಗೆ. ಸಾಕಲಾಗದಿದ್ದರೆ ಅಂಗಡಿಗೇ ವಾಪಸ್ ಕೊಡಿ.

ಹೊಂಡಕ್ಕೆ ಹಾಕುವ ಮುಂಚೆ

ಈ ಬೇಸಿಗೆಯಲ್ಲಿ ಯಲ್ಲಾಪುರದ ಕಡೆಯ ಭಾವ ಫೋನ್ ಮಾಡಿದ. ಅವನ ಕೃಷಿ ಹೊಂಡ ಪೂರ್ತಿ ಹಸಿರು, ಹನಿ ನೀರಾವರಿಯ ಫಿಲ್ಟರ್ ದಿನಾ ಕಟ್ಟುತ್ತಿತ್ತು. "ಬೋರ್ಡೋಕ್ಕೆ ತಂದ ಮೈಲುತುತ್ತ ಇದ್ದು, ಒಂದು ಕೆಜಿ ಚೆಲ್ಲಿಬಿಡ್ಲಾ?" ಅಂತ ಕೇಳಿದ. ಹೊಂಡದಲ್ಲಿ ಕಾಟ್ಲಾ, ರೋಹು ಮರಿ ಬಿಟ್ಟು ನಾಲ್ಕು ತಿಂಗಳಾಗಿತ್ತು. ನನ್ನ ಎದೆ ಧಸಕ್ ಅಂದಿತು.

ನನ್ನ ಟ್ಯಾಂಕಿನ ಕಥೆ ಹೇಳಿದೆ. ಹೊಂಡದಲ್ಲಿ ಇನ್ನೊಂದು ಅಪಾಯವೂ ಇದೆ. ಅಷ್ಟೂ ಪಾಚಿ ಒಟ್ಟಿಗೆ ಸತ್ತು ಕೊಳೆತರೆ ನೀರಿನ ಆಮ್ಲಜನಕ ಖಾಲಿಯಾಗುತ್ತದೆ, ತಾಮ್ರದಿಂದ ಉಳಿದ ಮೀನೂ ಬೆಳಗಿನ ಜಾವ ಉಸಿರುಗಟ್ಟಿ ಸಾಯುತ್ತದೆ. ಅವನು ಚೀಲ ಅಲ್ಲೇ ಇಟ್ಟ. ಹೊಂಡದ ಸುತ್ತ ನೋಡಿದಾಗ ಗೋಬರ್ ಗ್ಯಾಸಿನ ಬಗ್ಗಡ ಒಂದು ಕಡೆಯಿಂದ ಸಣ್ಣಗೆ ಇಳಿಯುತ್ತಿತ್ತು. ಅದನ್ನು ಕಟ್ಟಿ ತೋಟಕ್ಕೆ ತಿರುಗಿಸಿದ, ದಡದ ಪಾಚಿಯನ್ನು ಬಿದಿರಿನ ಗಳದಲ್ಲಿ ಎಳೆದು ತೆಗೆದ. ಹೊಂಡ ಕನ್ನಡಿಯ ಹಾಗೇನೂ ಆಗಿಲ್ಲ, ಸ್ವಲ್ಪ ಹಸಿರು ಇದ್ದೇ ಇದೆ. ಮೀನಿಗೆ ಅಷ್ಟು ಹಸಿರು ಬೇಕೂ ಬೇಕು. ಮರಿಗಳು ಬದುಕಿವೆ, ಫಿಲ್ಟರ್ ಈಗ ವಾರಕ್ಕೊಮ್ಮೆ ತೊಳೆದರೆ ಸಾಕು.

ಬೋರ್ಡೋ ಮಾಡಿದ ಡ್ರಮ್ಮು, ಹೊಡೆದ ಪಂಪು ಹಳ್ಳದಲ್ಲಿ ತೊಳೆಯುವ ಅಭ್ಯಾಸ ಇದ್ದರೆ ಅದನ್ನೂ ಈ ಸಲ ಬಿಡಿ. ಹಳ್ಳದ ಮೀನಿಗೂ ಕಿವಿರು ಒಂದೇ.

ಈಗ ನಮ್ಮ ಟ್ಯಾಂಕಿನಲ್ಲಿ ಮತ್ತೆ 14 ಮೀನಿವೆ. ಕಲ್ಲಿನ ಹಿಂದೆ ಎರಡು ಮೂರು ಕಡೆ ತುಸು ಹಸಿರು ಹಿಡಿದಿದೆ, ನಾನು ಬಿಟ್ಟಿದ್ದೇನೆ. ಬಸವನಹುಳಕ್ಕೆ ಊಟ ಬೇಕಲ್ಲ. ಆಯಿ ಮತ್ತೆ ಸಂಜೆ ಅಲ್ಲಿ ಕೂರುತ್ತಾಳೆ. ಮೈಲುತುತ್ತದ ಚೀಲ ಮಾತ್ರ ಈಗ ಕೊಟ್ಟಿಗೆಯ ಅಟ್ಟದ ಮೇಲಿದೆ.