ಎರೆಮಣ್ಣು ಮತ್ತು ಭಾರಲೋಹಗಳು

ಪುಣೆಯ ಮೂಡಣ ಬಯಲಿನ ಕರಿಮಣ್ಣೂ ವಿಜಯಪುರ ಸೀಮೆಯ ಎರೆಯೂ ಒಂದೇ ತಾಯಿಶಿಲೆಯಿಂದ ಹುಟ್ಟಿದವು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ಮೇಲೆ ಹರಿದು ಹೆಪ್ಪುಗಟ್ಟಿದ ಬಸಾಲ್ಟೇ ಆ ಶಿಲೆ. ಅದು ಹುಟ್ಟಿನಿಂದಲೇ ಲೋಹಸಂಪನ್ನವಾದುದು. ಜಗತ್ತಿನ ಬಸಾಲ್ಟ್ ಶಿಲೆಗಳ ಸರಾಸರಿಯನ್ನು ತೆಗೆದುಕೊಂಡರೆ, ಹತ್ತು ಲಕ್ಷ ಭಾಗಗಳಲ್ಲಿ ಕ್ರೋಮಿಯಂ ಸುಮಾರು 170, ನಿಕ್ಕಲ್ 130, ಸತು 105, ತಾಮ್ರ 90 ಭಾಗಗಳಷ್ಟಿವೆ; ಸೀಸವಾದರೋ ಆರು ಭಾಗ, ಕ್ಯಾಡ್ಮಿಯಂ ಕಾಲು ಭಾಗಕ್ಕೂ ಕಡಮೆ. ಆದುದರಿಂದ ಇಲ್ಲಿಯ ಹೊಲದಲ್ಲಿ ನಿಕ್ಕಲ್, ಕ್ರೋಮಿಯಂಗಳು ಹೆಚ್ಚಾಗಿ ಕಂಡ ಮಾತ್ರಕ್ಕೆ ಮಣ್ಣು ಕೆಟ್ಟಿತೆನ್ನಲಾಗದು. ಸೀಸ, ಕ್ಯಾಡ್ಮಿಯಂಗಳು ಹೆಚ್ಚಿದ್ದರೆ ಮಾತ್ರ ಅವು ಹೊರಗಿನಿಂದ ಬಂದವೆಂದು ಸಂಶಯಪಡುವುದು ಯುಕ್ತ.

ಇನ್ನೊಂದು ಭೇದವನ್ನೂ ಗಮನಿಸಬೇಕು. ಮಣ್ಣಿನಲ್ಲಿರುವ ಲೋಹವೆಲ್ಲ ಬೇರಿಗೆ ದಕ್ಕುವುದಿಲ್ಲ. ಎರೆಮಣ್ಣಿನ ಪಿ.ಎಚ್. ಸಾಮಾನ್ಯವಾಗಿ 7.5ರಿಂದ 8.5ರವರೆಗೆ ಇರುತ್ತದೆ, ಸುಣ್ಣವೂ, ಹಿಗ್ಗಿ ಕುಗ್ಗುವ ಜೇಡಿಯೂ ಅದರಲ್ಲಿ ಹೇರಳ. ಜೇಡಿಯು ಲೋಹವನ್ನು ತನ್ನ ಮೈಗೆ ಅಂಟಿಸಿಕೊಳ್ಳುತ್ತದೆ. ಕ್ಷಾರಗುಣವು ಅದನ್ನು ಕರಗದ ರೂಪಕ್ಕೆ ತರುತ್ತದೆ. ಇದಕ್ಕೆ ಸತುವೇ ನಿದರ್ಶನ. ಒಟ್ಟು ಸತು ಧಾರಾಳವಾಗಿದ್ದರೂ ಬೆಳೆಗೆ ದಕ್ಕುವ ಸತು ಹತ್ತು ಲಕ್ಷದಲ್ಲಿ 0.6 ಭಾಗಕ್ಕಿಂತ ಕಡಮೆಯಾಗಿ, ಪೈರು ಸತುವಿಲ್ಲದೆ ಸೊರಗುವುದುಂಟು.

ಆದರೆ ಈ ಬಂಧನವನ್ನೇ ಪೂರ್ಣವಾಗಿ ನೆಚ್ಚುವಂತಿಲ್ಲ. ಕಾರ್ಖಾನೆಗಳ ತ್ಯಾಜ್ಯದೊಡನೆ ಬರಬಹುದಾದ ಆರು ವೇಲೆನ್ಸಿಯ ಕ್ರೋಮಿಯಂ ಕ್ಷಾರಮಣ್ಣಿನಲ್ಲಿ ನಿಲ್ಲದೆ ನೀರಿನೊಡನೆ ಚಲಿಸುತ್ತದೆ. ಕ್ಯಾಡ್ಮಿಯಂ ಉಪ್ಪಿನ ಕ್ಲೋರೈಡಿನೊಡನೆ ಕೂಡಿ ಜೇಡಿಯ ಹಿಡಿತದಿಂದ ಸಡಿಲಗೊಳ್ಳುತ್ತದೆ. ಉಪ್ಪಿನ ಪ್ರಶ್ನೆಯಂತೂ ಈ ಪ್ರಾಂತಕ್ಕೆ ಹೊಸದಲ್ಲ. ಪುಣೆಯ ಕೃಷಿ ಕಾಲೇಜಿನ ಪ್ರಾಂಶುಪಾಲರಾಗಿದ್ದ ಹೆರಾಲ್ಡ್ ಮ್ಯಾನ್ ಅವರು ತಾಮ್ಹಣೆಯವರೊಡನೆ ನೀರಾ ಕಣಿವೆಯ ಲವಣಭೂಮಿಗಳನ್ನು ಕುರಿತ ವರದಿಯನ್ನು 1910ರಲ್ಲೇ ಪ್ರಕಟಿಸಿದ್ದರು. ಕಾಲುವೆಯ ನೀರು ಬಸಿದುಹೋಗದೆ ನಿಂತಲ್ಲಿ ಉಪ್ಪು ಮೇಲೇರುತ್ತದೆ. ಕನ್ನಡದ ರೈತನು ಸವಳು-ಜವಳು ಎಂದು ಕರೆಯುವುದು ಇದನ್ನೇ. ಸವಳಾದ ಹೊಲಕ್ಕೆ ಕ್ಯಾಡ್ಮಿಯಂ ಕೂಡಿದ ನೀರು ಹರಿದರೆ ಒಂದು ಕೇಡು ಇನ್ನೊಂದಕ್ಕೆ ದಾರಿಮಾಡಿಕೊಟ್ಟಂತಾಗುತ್ತದೆ. ಸೊಪ್ಪು ತರಕಾರಿಗಳು ಕ್ಯಾಡ್ಮಿಯಮ್ಮನ್ನು ಸುಲಭವಾಗಿ ಹೀರುವುದರಿಂದ ಅದು ಊಟದ ಎಲೆಗೂ ಬರುತ್ತದೆ. ದೀರ್ಘಕಾಲ ದೇಹದೊಳಗೆ ಸೇರಿದರೆ ಮೂತ್ರಪಿಂಡಗಳಿಗೆ ಅಪಾಯ.

ಪುಣೆಯ ಕೊಳಚೆಯನ್ನು ಹೊತ್ತ ಮುಳಾ-ಮುಠಾ ನದಿಯು ಭೀಮೆಯನ್ನು ಸೇರುತ್ತದೆ. ಭೀಮೆಯು ಉಜನಿ ಜಲಾಶಯವನ್ನು ದಾಟಿ ಕನ್ನಡನಾಡನ್ನು ಹೊಗುತ್ತದೆ. ಲೋಹದ ಬಹುಭಾಗ ಹೂಳಿಗಂಟಿ ದಾರಿಯಲ್ಲೇ ತಂಗುತ್ತದೆಂಬುದು ನಿಜ. ಆದರೆ ಸಾವಯವ ಕಲ್ಮಶದಂತೆ ಲೋಹವು ಕೊಳೆತು ಇಲ್ಲವಾಗುವುದಿಲ್ಲ. ನೀರು ಹಾಯಿಸಿದ ಹೊಲದಲ್ಲಿ ವರ್ಷವರ್ಷವೂ ಸಂಚಯವಾಗುತ್ತದೆ.

ಹೀಗಿದ್ದರೂ, 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯ ಹನ್ನೆರಡು ಅಂಶಗಳಲ್ಲಿ ಸತು, ತಾಮ್ರ, ಕಬ್ಬಿಣ, ಮ್ಯಾಂಗನೀಸುಗಳಿಗೆ ಸ್ಥಾನ ದೊರೆತಿದೆಯೇ ಹೊರತು ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕ್ಕಲ್‌ಗಳಿಗೆ ದೊರೆತಿಲ್ಲ. ಬೆಳೆಗೆ ಏನು ಸಾಲದೆಂಬುದನ್ನು ಆ ಚೀಟಿ ತಿಳಿಸುತ್ತದೆ. ಉಣ್ಣುವವನಿಗೆ ಏನು ಮಿತಿಮೀರಿದೆಯೆಂಬುದನ್ನು ತಿಳಿಸದು. ನಗರದ ನೀರುಣ್ಣುವ ಹೊಲಗಳಲ್ಲಾದರೂ ಈ ನಾಲ್ಕು ಲೋಹಗಳ ಒಟ್ಟು ಪ್ರಮಾಣವನ್ನೂ ಬೇರಿಗೆ ದಕ್ಕುವ ಪ್ರಮಾಣವನ್ನೂ ಅಳೆದು, ಪಿ.ಎಚ್., ಸುಣ್ಣ, ಉಪ್ಪುಗಳೊಡನೆ ಹೋಲಿಸಿ ನೋಡುವುದು ಅವಶ್ಯಕ. ಆಗಮಾತ್ರ ಶಿಲೆಯಿಂದ ಬಂದುದಾವುದು, ಊರಿನಿಂದ ಬಂದುದಾವುದು ಎಂಬುದು ಸ್ಪಷ್ಟವಾದೀತು.