ನಿಮಗಿದು ಗೊತ್ತೆ? ‘ವೀಕೆಂಡ್’ ರಮೇಶ್ ಓದಿದ್ದು ಎಂಜಿನಿಯರಿಂಗ್

2014ರ ಆಗಸ್ಟ್‌ನಲ್ಲಿ ಜೀ ಕನ್ನಡದಲ್ಲಿ ಸಾಧಕರ ಬದುಕನ್ನು ಮೆಲುಕು ಹಾಕುವ ‘ವೀಕೆಂಡ್ ವಿತ್ ರಮೇಶ್’ ಕಾರ್ಯಕ್ರಮ ಶುರುವಾದಾಗ ಸಾಧಕರ ಕೆಂಪು ಕುರ್ಚಿಯಲ್ಲಿ ಮೊದಲು ಕೂತವರು ಪುನೀತ್ ರಾಜ್‌ಕುಮಾರ್. ಎದುರಿಗಿದ್ದ ನಿರೂಪಕ, ನಟ ರಮೇಶ್ ಅರವಿಂದ್ ಬೆಂಗಳೂರಿನ ಯುವಿಸಿಇಯಲ್ಲಿ ಎಂಜಿನಿಯರಿಂಗ್ ಓದಿದವರು. 1986ರಲ್ಲಿ ಕೆ. ಬಾಲಚಂದರ್ ನಿರ್ದೇಶನದ ‘ಸುಂದರ ಸ್ವಪ್ನಗಳು’ ಅವರನ್ನು ಬೆಳ್ಳಿತೆರೆಗೆ ತಂದಿತು. ಅವರ ನಿರೂಪಣೆಯ ಬೇರು ಆ ನಂತರದ ಪಾತ್ರಗಳಲ್ಲಿದೆ ಎಂಬುದು ನನ್ನ ವಾದ. ‘ಅಮೆರಿಕಾ ಅಮೆರಿಕಾ’ ಚಿತ್ರದ ಸೂರ್ಯನಂತೆ ಪ್ರೀತಿಸಿದವಳನ್ನು ಬಿಟ್ಟುಕೊಡುವ ಪಾತ್ರಗಳಿಂದಾಗಿ ಜನ ಅವರನ್ನು ‘ತ್ಯಾಗರಾಜ’ ಎಂದೇ ಕರೆದರು. ತಾನು ಹಿಂದೆ ಸರಿದು ಎದುರಿನವರಿಗೆ ಜಾಗ ಕೊಡುವ ಆ ಅಭ್ಯಾಸವೇ ಕಿರುತೆರೆಯಲ್ಲಿ ಕೈಹಿಡಿಯಿತು.

ತಾರಾಮೌಲ್ಯವೇ ಕಾರ್ಯಕ್ರಮದ ಗೆಲುವಿಗೆ ಕಾರಣ ಎನ್ನುವವರಿದ್ದಾರೆ. ಅದು ಮೊದಲ ವಾರ ಜನರನ್ನು ಟಿ.ವಿ. ಮುಂದೆ ಕೂರಿಸೀತು, ನಿಜ. ಆದರೆ ಯಾದಗಿರಿ–ರಾಯಚೂರು ರೈಲು ಮಾರ್ಗದ ಸೈದಾಪುರದಂಥ ಊರಿನ ಮನೆಗಳನ್ನೂ ವಾರವಾರ ಹಿಡಿದಿಡಲು ಅಷ್ಟು ಸಾಲದು. ಅತಿಥಿಯ ಹಳೆಯ ಮೇಷ್ಟ್ರು ವೇದಿಕೆಗೆ ಬಂದು ಮಾತು ತಡವರಿಸಿದಾಗ ನಿರೂಪಕ ನಡುವೆ ಬಾಯಿ ಹಾಕದೆ ಕಾಯಬೇಕು. ಆ ಕ್ಷಣ ಪೂರ್ತಿ ಮೇಷ್ಟ್ರದಾಗಬೇಕು. ಇಂಥ ಸಂಯಮ ಹೆಸರಿನ ಬಲದಿಂದ ಬರುವುದಿಲ್ಲ. ‘ವೀಕೆಂಡ್’ಗೂ ಮೊದಲೇ ಕಸ್ತೂರಿ ವಾಹಿನಿಯ ‘ಪ್ರೀತಿಯಿಂದ ರಮೇಶ್’ನಲ್ಲಿ ಅವರು ಮಾತುಕತೆಯ ಹದ ಕಲಿತಿದ್ದರು, 2005ರ ‘ರಾಮ ಶಾಮ ಭಾಮ’ದಿಂದ ನಿರ್ದೇಶಕರ ಕಣ್ಣೂ ಅವರಿಗಿತ್ತು.